ಹದಿನೇಳನೇ ನಂಬರಿನ ಮನೆ

ಜನವರಿ ೯

ಚಿಕ್ಕವಳೇ,

ನೀನು ಕಳಿಸಿದ ಕನ್ನಡಕ ಬಂತು. ಹಾಕಿಕೊಂಡ ಕೂಡಲೇ ಮೊದಲು ಕಂಡದ್ದು ಅಡುಗೆಮನೆ ಗೋಡೆಯ ಜಿಡ್ಡು. ಇಷ್ಟು ದಿನ ನೆಮ್ಮದಿಯಾಗಿದ್ದೆ, ನಿನಗೆ ಯಾಕೆ ಬೇಕಿತ್ತು ಈ ಉಸಾಬರಿ? ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಮಗಳಿದ್ದರೆ ತಾಯಿಗೆ ಕಣ್ಣು ಕಾಣದೆ ಇರುವ ಸ್ವಾತಂತ್ರ್ಯವೂ ಇಲ್ಲ. ಇನ್ನು ಮುಂದೆ ಫೋನ್ ಮಾಡುತ್ತೇನೆ ಎಂದು ಬರೆದಿದ್ದೀಯ. ಮಾಡಬೇಡ. ಬಸ್ಸಿನ ಸದ್ದಿಗೆ ಒಪ್ಪಿಸಿಬಿಟ್ಟ ಕಿವಿ ಇದು. ಫೋನಿನಲ್ಲಿ ನೀನು ಅತ್ತರೂ ನಕ್ಕರೂ ನನಗೆ ಒಂದೇ ಥರ ಕೇಳಿಸುತ್ತದೆ. ಬರೆದರೆ ಓದುತ್ತೇನೆ.

ಇಲ್ಲಿ ಒಂದು ಕೆಟ್ಟ ಸುದ್ದಿ ಇದೆ. ಊರಿನ ಎಲ್ಲ ಬಸ್ಸುಗಳ ನಂಬರು ಬದಲಾಗುತ್ತದಂತೆ. ನಮ್ಮ ಹದಿನೇಳನ್ನು ಎರಡು ತುಂಡು ಮಾಡುತ್ತಾರೆ. ಹಿಟ್ಟಿನ ಗಿರಣಿಯಿಂದ ದೊಡ್ಡಾಸ್ಪತ್ರೆಯವರೆಗೆ ಒಂದು, ಆಸ್ಪತ್ರೆಯಿಂದ ನೀರಿನ ಟ್ಯಾಂಕಿನವರೆಗೆ ಇನ್ನೊಂದು. ಎರಡಕ್ಕೂ ಹೊಸ ನಂಬರು. ಬೇಸಿಗೆ ಕಳೆಯುವುದರೊಳಗೆ ಹದಿನೇಳು ಎನ್ನುವುದು ಯಾವ ಬಸ್ಸಿನ ಹಣೆಯ ಮೇಲೂ ಇರುವುದಿಲ್ಲ. ಇದನ್ನು ಪಕ್ಕದ ಮನೆಯ ಹಾರ್ನ್ ಮಾಮ ಬಂದು ಹೇಳಿದ. ನಿನ್ನ ಅಕ್ಕನಿಗೆ ಗೊತ್ತಿರುವ ವಿಳಾಸ ಅದೊಂದೇ.

ಹೆಡ್ಡಾಫೀಸಿನಿಂದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಹಳೆಯ ರೂಟುಗಳ ಚರಿತ್ರೆಯನ್ನು ಪುಸ್ತಕ ಮಾಡುತ್ತಾರಂತೆ. "ಆಂಟಿ, ಒಂದೇ ರೂಟಲ್ಲಿ ನಿಮ್ಮಷ್ಟು ವರ್ಷ ಯಾರೂ ಇರ್ಲಿಲ್ವಂತೆ. ಪ್ರಮೋಷನ್ನೂ ಬೇಡ ಅಂದ್ರಂತೆ. ಯಾಕೆ?" ಎಂದು ಕೇಳಿದಳು. "ಸೀಟು ಮೆತ್ತಗಿತ್ತು ಕಣಮ್ಮ" ಎಂದೆ. ಕಂಡಕ್ಟರಿಗೆ ಎಲ್ಲಿಯ ಸೀಟು? ಪಾಪ, ಅದನ್ನೂ ಬರೆದುಕೊಂಡಳು.

ಆಮೇಲೆ ಯೋಚನೆ ಮಾಡಿದೆ. ಚರಿತ್ರೆಯನ್ನು ನಾನೇ ಬರೆದುಕೊಡುತ್ತೇನೆ. ಓದಿದ ಮೇಲಾದರೂ ಆ ನಂಬರನ್ನು ಮುಟ್ಟಲು ಅವರಿಗೆ ಕೈ ಬರಬಾರದು. ಬರೆದದ್ದನ್ನು ನಿನಗೆ ಕಳಿಸುತ್ತೇನೆ, ತಿದ್ದಿಕೊಡು. ನಿನಗೆ ಗೊತ್ತಿಲ್ಲದ್ದೂ ಅದರಲ್ಲಿ ಇರುತ್ತದೆ. ಮನೆಯಲ್ಲಿ ನಾವು ಅದನ್ನು ಯಾವತ್ತೂ ಮಾತಾಡಿಲ್ಲವಲ್ಲ.

ನಿನ್ನ ಅಮ್ಮ

*

ಜನವರಿ ೨೩

ಅಮ್ಮಾ,

ಗೋಡೆಯ ಜಿಡ್ಡನ್ನು ನೀನೇ ಒರೆಸಲು ಹೋಗಬೇಡ, ಸ್ಟೂಲು ಹತ್ತಬೇಡ. ಹಾರ್ನ್ ಮಾಮನಿಗೆ ಹೇಳು. ಇರುವೆ ಅಡ್ಡ ಬಂದರೂ ಹಾರ್ನ್ ಹೊಡೆಯುತ್ತಿದ್ದ ಮನುಷ್ಯ, ರಿಟೈರಾದ ಮೇಲೆ ಪಕ್ಕದ ಮನೆಯಲ್ಲಿ ಸುಮ್ಮನೆ ಕೂತು ಅವರಿಗೂ ಬೇಜಾರಾಗಿರುತ್ತದೆ.

ಚರಿತ್ರೆ ಕಳಿಸು, ತಿದ್ದುತ್ತೇನೆ.

ನನ್ನದೂ ಒಂದು ಸುದ್ದಿ ಇದೆ. ಆರು ತಿಂಗಳಿಂದ ಹೊಟ್ಟೆನೋವು ಎಂದು ಬರೆಯುತ್ತಿದ್ದೆನಲ್ಲ, ಗರ್ಭಕೋಶದಲ್ಲಿ ಗಡ್ಡೆಗಳಿವೆಯಂತೆ. ತೆಗೆಯಲೇಬೇಕು ಎಂದರು. ಗಡ್ಡೆಯನ್ನಷ್ಟೇ ಅಲ್ಲ, ಎಲ್ಲವನ್ನೂ. ಮಕ್ಕಳಾಗಬಹುದು ಎಂದು ನಾವಿಬ್ಬರೂ ಇನ್ನೂ ಎಲ್ಲೋ ಒಂದು ಕಡೆ ಆಸೆ ಇಟ್ಟುಕೊಂಡಿದ್ದೆವು. ಡಾಕ್ಟರು ಹೇಳಿದ ದಿನ ಇವರು ಹೊಲಿಗೆ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು. ನಾನು ಹೋಗಿ ಎಬ್ಬಿಸಿಕೊಂಡು ಬಂದೆ.

ದಿನ ಇನ್ನೂ ಗೊತ್ತಾಗಿಲ್ಲ, ಬೇಸಿಗೆಯಲ್ಲಿ ಎಂದಿದ್ದಾರೆ. ನೀನು ಬರುತ್ತೀಯಾ ಅಮ್ಮಾ? ಈ ಊರಿಗೆ ನಾನು ಬಂದು ಇಷ್ಟು ವರ್ಷವಾಯಿತು. ನನ್ನ ಮದುವೆಯೂ ಇಲ್ಲೇ ಆಯಿತು. ನೀನು ಬರಲಿಲ್ಲ. ಯಾಕೆಂದು ನಾನು ಕೇಳಿಲ್ಲ, ನನಗೆ ಗೊತ್ತು. ಆದರೆ ಈ ಸಲ ನನಗೆ ನೀನು ಬೇಕು.

ನಿನ್ನ ಮಗಳು

*

ಫೆಬ್ರವರಿ ೧೪

ಚಿಕ್ಕವಳೇ,

ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತಗೊ. ಈಗಿನ ಕಾಲದಲ್ಲಿ ಅದು ಸಣ್ಣ ಆಪರೇಷನ್ನಂತೆ, ಹಾರ್ನ್ ಮಾಮನ ಸೊಸೆಗೂ ಆಗಿತ್ತು, ಆಮೇಲೆ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾಳೆ. ಬರುವ ವಿಷಯ ಆಮೇಲೆ ನೋಡೋಣ. ಇಲ್ಲಿ ಡಿಪೋಗೆ ಅಲೆದು ನನ್ನ ಚಪ್ಪಲಿ ಸವೆದಿದೆ. ಬರೆದಿರುವುದನ್ನು ಕಳಿಸುತ್ತಿದ್ದೇನೆ, ನೋಡು.

ಹದಿನೇಳು ಶುರುವಾದದ್ದು ಗಿರಣಿಯವರಿಗಾಗಿ. ಪಾಳಿ ಬಿಟ್ಟು ಅವರು ಹತ್ತಿದರೆ ಬಸ್ಸಿನ ತುಂಬ ಹಿಟ್ಟು. ಅವರು ಇಳಿದ ಮೇಲೂ ಸೀಟುಗಳ ಮೇಲೆ ಬೆನ್ನಿನ ಗುರುತು ಬಿಳಿಯಾಗಿ ಕೂತಿರುತ್ತಿತ್ತು. ಆಸ್ಪತ್ರೆಯವರು ಹತ್ತುತ್ತಿದ್ದರು. ಜೈಲಿನ ಗೋಡೆಯ ಹತ್ತಿರ ತಲೆತಗ್ಗಿಸಿ ಇಳಿಯುವ ಹೆಂಗಸರಿದ್ದರು. ಆ ಸ್ಟಾಪಿನ ಹೆಸರು ಕೂಗಿದರೆ ಅವರಿಗೆ ಅವಮಾನ ಎಂದು ಹದಿನೇಳರ ಕಂಡಕ್ಟರುಗಳೆಲ್ಲ ಅಲ್ಲಿ ಮಾತ್ರ "ಮುಂದಿನ ಸ್ಟಾಪು" ಎಂದಷ್ಟೇ ಕೂಗುತ್ತಿದ್ದೆವು. ಯಾರೂ ಹೇಳಿಕೊಟ್ಟ ನಿಯಮವಲ್ಲ.

ನನ್ನ ಗಂಡ ಡ್ರೈವರ್, ನಾನು ಕಂಡಕ್ಟರ್. ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಕೂಡದು ಎಂದು ಡಿಪೋದವರು ತಕರಾರು ತೆಗೆದರು. "ಮನೇಲಿ ನಿಲ್ಸು ಅಂದ್ರೆ ಮಾತು ನಿಲ್ಸಲ್ಲ, ಇಲ್ಲಾದ್ರೂ ನನ್ನ ಬೆಲ್ಲಿಗೆ ನಿಲ್ಲಿಸ್ಲಿ ಬಿಡಿ ಸಾರ್" ಎಂದೆ. ನಕ್ಕು ಒಪ್ಪಿಕೊಂಡರು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ನಮ್ಮ ದೊಡ್ಡ ಮಗಳು ಎಂಜಿನ್ನಿನ ಪಕ್ಕ ಹಾಸಿದ ಗೋಣಿಚೀಲದ ಮೇಲೆ ಕೂತು ಬೆಳೆದಳು. ಅವಳಿಗೆ "ರೈಟ್" ಎನ್ನುವುದು "ಅಮ್ಮ" ಎನ್ನುವುದಕ್ಕಿಂತ ಮೊದಲು ಬಂತು.

ಜನರ ನೂಕುನುಗ್ಗಲಿನಲ್ಲಿ ತಪ್ಪಿಸಿಕೊಂಡರೆ ಎಂಬ ಹೆದರಿಕೆಗೆ ಅವಳಿಗೆ ಒಂದು ಪಾಠ ಮಾಡಿದ್ದೆವು. "ನಿಮ್ಮನೆ ಎಲ್ಲಿ ಪುಟ್ಟಾ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯ?" "ಹದಿನೇಳು!" ಬೀದಿಯ ಹೆಸರು, ಬಾಗಿಲ ನಂಬರು ಅಷ್ಟು ಚಿಕ್ಕ ಮಗುವಿಗೆ ಎಲ್ಲಿ ನೆನಪಿರುತ್ತದೆ? ಹದಿನೇಳು ಎಂದರೆ ಯಾರಾದರೂ ನಮ್ಮ ಬಸ್ಸಿಗೆ ಹತ್ತಿಸುತ್ತಾರೆ. ಹತ್ತಿಸಿದರೆ ಸಾಕು, ಆ ರೂಟಿನ ಎಲ್ಲರಿಗೂ ಅವಳ ಮುಖ ಗೊತ್ತು. ಇಡೀ ಊರಿನಲ್ಲಿ ಅದಕ್ಕಿಂತ ಭದ್ರವಾದ ವಿಳಾಸ ಇನ್ನೊಂದಿಲ್ಲ ಎಂದು ಇಬ್ಬರೂ ಬೀಗುತ್ತಿದ್ದೆವು. ಊರು ಬೇರೆಯಾದರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅವಳಿಗೆ ನಾಲ್ಕು ತುಂಬಿದ ವರ್ಷ ಮೈದುನನ ಮನೆಗೆಂದು ರೈಲಿನಲ್ಲಿ, ಈಗ ನನ್ನ ಚಿಕ್ಕ ಮಗಳಿರುವ ಊರಿಗೆ ಹೋದೆವು. ಸ್ಟೇಷನ್ನಿನಲ್ಲಿ ಎರಡು ರೈಲು ಒಟ್ಟಿಗೆ ಬಂದಿದ್ದವು. ಅವಳ ಅಪ್ಪ ಪೆಟ್ಟಿಗೆ ಇಳಿಸಲು ರೈಲಿನೊಳಗೆ ಹೋದರು, ನಾನು ಚೀಲ ಎತ್ತಿಕೊಳ್ಳಲು ಬಗ್ಗಿದೆ. ಅಷ್ಟೇ. ಆಮೇಲೆ ಗೊತ್ತಾದದ್ದು ಇದು. ಹೊರಗೆ ಅಳುತ್ತ ನಿಂತಿದ್ದ ಮಗುವನ್ನು ಒಬ್ಬ ಒಳ್ಳೆಯ ಮನುಷ್ಯ ಮಾತಾಡಿಸಿದ್ದಾನೆ. ಮನೆ ಎಲ್ಲಿ ಎಂದಿದ್ದಾನೆ. ಅವಳು ಹೇಳಿದ್ದಾಳೆ. ಅವನು ಕೈಹಿಡಿದು ಕರೆದುಕೊಂಡು ಹೋಗಿ ಆ ಊರಿನ ಹದಿನೇಳನೇ ನಂಬರ್ ಬಸ್ಸಿಗೆ ಹತ್ತಿಸಿದ್ದಾನೆ. ಆ ಬಸ್ಸಿನ ಕಂಡಕ್ಟರನ್ನು ಪೊಲೀಸರು ನಮ್ಮ ಮುಂದೆಯೇ ಕೇಳಿದರು. "ಎಂಜಿನ್ ಪಕ್ಕ ಹೋಗಿ ಕೂತ್ಲು ಸಾರ್. ಆಮೇಲೆ ಒಂದು ಸ್ಟಾಪಲ್ಲಿ ತಾನಾಗೇ ಎದ್ದು ಇಳಿದ್ಲು. ದಾರಿ ಗೊತ್ತಿರೋ ಮಗು ಥರಾನೇ ಇತ್ತು" ಎಂದ. ಯಾವ ಸ್ಟಾಪು ಎಂದು ಅವನಿಗೆ ನೆನಪಾಗಲಿಲ್ಲ. ಅತ್ತುಬಿಟ್ಟ. ಅವನಿಗೂ ಅಷ್ಟೇ ಎತ್ತರದ ಮಗಳಿದ್ದಳಂತೆ.

ಇವತ್ತಿಗೆ ಇಷ್ಟು.

ನಿನ್ನ ಅಮ್ಮ

*

ಮಾರ್ಚ್ ೨

ಅಮ್ಮಾ,

ಏನನ್ನೂ ತಿದ್ದಿಲ್ಲ. ತಿದ್ದಲು ನನ್ನಿಂದಾಗಲಿಲ್ಲ. ಕಂಡಕ್ಟರು ಅತ್ತದ್ದು ನನಗೆ ಗೊತ್ತಿರಲಿಲ್ಲ.

ನಿನಗೂ ಒಂದು ಗೊತ್ತಿಲ್ಲ. ಈ ಊರಿನಲ್ಲಿ ಕೆಲಸ ಸಿಕ್ಕಿತು ಎಂದು ಹೇಳಿ ನಾನು ಮನೆ ಬಿಟ್ಟೆ. ಅದು ಸಿಕ್ಕಿದ್ದಲ್ಲ, ಈ ಊರೇ ಬೇಕೆಂದು ಹುಡುಕಿಕೊಂಡದ್ದು. ಬಂದ ಮೊದಲ ಭಾನುವಾರವೇ ಇಲ್ಲಿನ ಹದಿನೇಳು ಹತ್ತಿದೆ. ಮರದ ಅಡ್ಡೆಗಳ ಪಕ್ಕ ಹಾದು, ಕಾಲುವೆ ಸೇತುವೆ ದಾಟಿ, ಸಾಬೂನು ಕಾರ್ಖಾನೆಯ ಗೋಡೆಯ ಹತ್ತಿರ ಅದು ನಿಲ್ಲುತ್ತದೆ. ಆಮೇಲೆ ಭಾನುವಾರ ಬಂದರೆ ಒಂದೊಂದು ಸ್ಟಾಪಿನಲ್ಲಿ ಇಳಿಯುತ್ತಿದ್ದೆ. ಸುತ್ತಮುತ್ತ ಅಂಗಡಿಯವರನ್ನು ಕೇಳುತ್ತಿದ್ದೆ. ಕೆಲವರು ಪಾಪ ಎನ್ನುತ್ತಿದ್ದರು, ಕೆಲವರು ತಲೆ ಕೆಟ್ಟವಳು ಎಂದುಕೊಂಡರು. ಹಾಗೆ ಅಲೆಯುವಾಗಲೇ ಒಬ್ಬ ಟೈಲರ್ ಕೂರಿಸಿ ನೀರು ಕೊಟ್ಟರು. ಅವರೇ ನಿನ್ನ ಅಳಿಯ.

ಕಾಲುವೆ ಸೇತುವೆ ಆದ ಮೇಲೆ ಒಂದು ತಿರುವಿದೆ ಅಮ್ಮಾ. ಬಸ್ಸಿನ ಒಳಗೆ ಕೂತು ನೋಡಿದರೆ ಥೇಟ್ ನಮ್ಮ ಬೀದಿಯ ತಿರುವೇ. ಮೂಲೆಯಲ್ಲಿ ಅಂಗಡಿ, ಅದರ ಮೇಲೆ ನೀರಿನ ತೊಟ್ಟಿ, ಪಕ್ಕದಲ್ಲಿ ಬೇಲಿ. ನನಗೇ ಒಂದು ಕ್ಷಣ ಎದ್ದು ನಿಲ್ಲಬೇಕು ಅನ್ನಿಸಿತು. ಇಳಿದು ನೋಡಿದರೆ ಏನೂ ಅಲ್ಲ. ಅಕ್ಕ ಅಲ್ಲೇ ಇಳಿದಿರಬೇಕು. ನಾನು ಹುಟ್ಟುವ ಮೊದಲೇ ಕಳೆದುಹೋದವಳು, ಯಾವತ್ತೂ ನಾಲ್ಕು ವರ್ಷದವಳಾಗಿಯೇ ಇರುವ ನನ್ನ ಅಕ್ಕ. ಆ ಮೂಲೆಯಲ್ಲಿ ನಿಂತು ನಾನು ಅವಳಿಗಿಂತ ದೊಡ್ಡವಳ ಹಾಗೆ ಅತ್ತೆ.

ದಿನ ಗೊತ್ತಾಯಿತು. ಮೇ ತಿಂಗಳ ಐದು, ಸೋಮವಾರ. ಹಿಂದಿನ ದಿನವೇ ಸೇರಬೇಕು. ಬರುತ್ತೇನೆ ಎಂದು ಒಂದು ಸಾಲು ಬರೆ.

ನಿನ್ನ ಮಗಳು

*

ಏಪ್ರಿಲ್ ೭

ಚಿಕ್ಕವಳೇ,

ನಿನ್ನ ಪತ್ರ ಓದಿ ಬಹಳ ದಿನ ಬರೆಯಲಿಲ್ಲ. ಆ ತಿರುವಿನ ವಿಷಯ ನೀನು ಇನ್ನೊಮ್ಮೆ ಬರೆಯಬೇಡ, ನನ್ನಿಂದ ತಡೆಯಲಾಗುವುದಿಲ್ಲ.

ಇಲ್ಲಿಯ ಹೋರಾಟ ನಡೆದಿದೆ. ಇದು ಮೊದಲ ಸಲವೇನಲ್ಲ. ಒಮ್ಮೆ ರಸ್ತೆಗಳು ಒನ್‌ವೇ ಆದಾಗ ನಂಬರು ತೆಗೆಯುತ್ತೇವೆ ಎಂದರು. ಗಿರಣಿ ಮುಚ್ಚಿದಾಗ ರೂಟೇ ಬೇಡ ಎಂದರು. ಎರಡು ಸಲವೂ ನಾನು, ನಿಮ್ಮಪ್ಪ, ಯೂನಿಯನ್ನಿನವರು ಡಿಪೋ ಬಾಗಿಲಲ್ಲಿ ಕೂತೆವು. ರಸ್ತೆ ಬದಲಾಯಿತು, ಬಸ್ಸಿನ ಬಣ್ಣ ಬದಲಾಯಿತು, ಗಿರಣಿ ಹೋಗಿ ಅಲ್ಲಿ ಮನೆಗಳು ಬಂದವು. ನಂಬರು ಮಾತ್ರ ಉಳಿಯಿತು. ಖಾಲಿ ಸ್ಟಾಪಿನಲ್ಲೂ ನಿಲ್ಲುವ ಬಸ್ಸು ಎಂದು ಹದಿನೇಳನ್ನು ಜನ ಆಡಿಕೊಳ್ಳುತ್ತಿದ್ದರು. ನಿಮ್ಮಪ್ಪ ಸಾಯುವವರೆಗೂ ಹಾಗೇ ಓಡಿಸಿದರು. ಯಾರೂ ಇಲ್ಲದ ಸ್ಟಾಪಿನಲ್ಲಿ ನಿಲ್ಲಿಸಿ, ಅತ್ತಿತ್ತ ನೋಡಿ, ಆಮೇಲೆ ಹೊರಡುವುದು. ನಾನೂ ಬೆಲ್ ಹೊಡೆಯುತ್ತಿರಲಿಲ್ಲ. ಮೊದಮೊದಲು ನಾನು ಪುಟ್ಟ ಹುಡುಗಿಯರ ಮುಖ ನೋಡುತ್ತಿದ್ದೆ. ಆಮೇಲೆ ಸ್ಕೂಲಿನ ಹುಡುಗಿಯರದು. ಆಮೇಲೆ ಕಾಲೇಜಿನವರದು, ಮಗುವನ್ನು ಎತ್ತಿಕೊಂಡವರದು. ವರ್ಷ ಹೋದಂತೆ ನಾನು ಹುಡುಕುವ ಮುಖಕ್ಕೂ ವಯಸ್ಸಾಗುತ್ತ ಹೋಯಿತು.

ಈ ಸಲ ಮ್ಯಾನೇಜರು ಒಳ್ಳೆಯವರೇ. ನಾನು ಬರೆದದ್ದನ್ನು ಓದಿದರಂತೆ. ಕೂರಿಸಿ ಟೀ ಕೊಟ್ಟರು. "ಪುಸ್ತಕದಲ್ಲಿ ಪೂರ್ತಿ ಹಾಕ್ತೀವಮ್ಮ. ನಂಬರಿಗೆ ಮಾತ್ರ ನಾನೇನೂ ಮಾಡೋಕಾಗಲ್ಲ" ಎಂದರು. ಕೊನೆಯ ದಿನ ಮೇ ನಾಲ್ಕು, ಭಾನುವಾರ. ಅವತ್ತು ನಾನು ಮುಂದಿನ ಸೀಟಿನಲ್ಲಿ ಕೂತು ಗಿರಣಿಯಿಂದ ಟ್ಯಾಂಕಿನವರೆಗೆ ಹೋಗಬೇಕಂತೆ. ಪೇಪರಿನವರು ಬರುತ್ತಾರೆ. ನನಗೆ ಫೋಟೋ ಬೇಕಿಲ್ಲ. ಆದರೆ ಪೇಪರಿನಲ್ಲಿ ಬಂದರೆ, ಎಲ್ಲೋ ಯಾರೋ ಒಬ್ಬಳು ಹದಿನೇಳು ಎಂಬುದನ್ನು ಓದಿದರೆ, ಅವಳಿಗೆ ಏನೋ ನೆನಪಾದರೆ? ಇದು ಕೊನೆಯ ಅವಕಾಶ.

ನಿನ್ನ ಆಪರೇಷನ್ನನ್ನು ಒಂದೆರಡು ವಾರ ಮುಂದಕ್ಕೆ ಹಾಕಲು ಡಾಕ್ಟರನ್ನು ಕೇಳು. ಅವರೇನೂ ಕಚ್ಚುವುದಿಲ್ಲ.

ನಿನ್ನ ಅಮ್ಮ

*

ಏಪ್ರಿಲ್ ೧೪

ಅಮ್ಮಾ,

ಮುಂದಕ್ಕೆ ಹಾಕಲು ಆಗುವುದಿಲ್ಲ. ರಕ್ತ ಕಮ್ಮಿಯಾಗುತ್ತಿದೆ. ಇದನ್ನು ಹೇಳಿ ನಿನ್ನನ್ನು ಹೆದರಿಸಬಾರದು ಎಂದಿದ್ದೆ.

ನನಗೆ ನೆನಪಿದೆ. ನಾನೂ ಅದೇ ಬಸ್ಸಿನಲ್ಲಿ ಬೆಳೆದವಳು. ನನ್ನನ್ನು ನೀನು ಗೋಣಿಚೀಲದ ಮೇಲೆ ಕೂರಿಸಲಿಲ್ಲ. ನನ್ನ ಕೈಯನ್ನು ನಿನ್ನ ಟಿಕೆಟ್ ಚೀಲದ ಪಟ್ಟಿಗೆ ಬಟ್ಟೆಯಿಂದ ಕಟ್ಟುತ್ತಿದ್ದೆ. ನೀನು ಬಸ್ಸಿನ ಉದ್ದಕ್ಕೂ ಓಡಾಡಿದ ಹಾಗೆ ನಾನೂ ಓಡಾಡಬೇಕಿತ್ತು. "ಕಳ್ಳಿ ಸಿಕ್ಕಿಬಿದ್ಲಾ?" ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನೀನು ನನ್ನ ಕಡೆ ನೋಡುತ್ತಿರಲಿಲ್ಲ ಅಮ್ಮಾ. ಹೇಗೂ ಕಟ್ಟಿದ್ದೀಯಲ್ಲ, ಎಲ್ಲಿ ಹೋಗುತ್ತೇನೆ? ನಿನ್ನ ಕಣ್ಣೆಲ್ಲ ಬಾಗಿಲ ಮೇಲೆ, ಹತ್ತುವವರ ಮೇಲೆ. ನಾನು ಎಲ್ಲೂ ಕಳೆದುಹೋಗಲಿಲ್ಲ. ಅದೇ ನನ್ನ ತಪ್ಪೇನೋ.

ಇಷ್ಟು ದಿನ ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಹದಿನೇಳು ಈಗಿಲ್ಲ. ನಂಬರು ಬದಲಾಗಿ ಮೂರು ವರ್ಷವಾಯಿತು. ನಿನಗೆ ಹೇಳಲು ಧೈರ್ಯ ಬರಲಿಲ್ಲ. ಅದು ಹೋದ ಮೊದಲ ಭಾನುವಾರ ನಾನು ಮನೆಯಲ್ಲೇ ಇದ್ದೆ, ಮಧ್ಯಾಹ್ನದ ತನಕ ಮಲಗಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಭಾನುವಾರ ನನಗೆ ಸಿಕ್ಕಿತು. ಪಾಪಿ ಎನ್ನಿಸಿದರೂ ಹೇಳುತ್ತೇನೆ, ನನಗೆ ಹಗುರವಾಯಿತು.

ನಂಬರು ಉಳಿಸಲು ಡಿಪೋ ಬಾಗಿಲಲ್ಲಿ ಎಷ್ಟು ಸಲ ಕೂತಿದ್ದೀಯ! ನನ್ನ ಹಾಸಿಗೆ ಪಕ್ಕ ಒಂದು ದಿನ ಕೂರಲು ಕೇಳಿದೆ. ಇನ್ನು ಕೇಳುವುದಿಲ್ಲ. ಬಸ್ಸಿನಲ್ಲಿ ಹುಷಾರಾಗಿ ಹತ್ತಿ ಇಳಿ.

ನಿನ್ನ ಚಿಕ್ಕವಳು

*

ಏಪ್ರಿಲ್ ೨೪

ತಾಯೀ,

ನಾನು ನಿಮ್ಮ ಹಾರ್ನ್ ಮಾಮ. ನನಗೆ ಬರೆಯುವ ಅಭ್ಯಾಸ ಇಲ್ಲ, ಸ್ಟೇರಿಂಗ್ ಹಿಡಿದ ಕೈ, ಅಕ್ಷರ ಎಲ್ಲ ತಿರುವಿನಲ್ಲಿ ಹೊರಳಿದ ಹಾಗಿರುತ್ತದೆ, ಕ್ಷಮಿಸಬೇಕು. ನಿಮ್ಮಮ್ಮನ ಬಾಯಿಗೆ ಬೀಗ ಬಿದ್ದಿದೆ. ನಿಮ್ಮ ಪತ್ರ ಬಂದ ದಿನದಿಂದ ಯಾರ ಹತ್ತಿರವೂ ಮಾತಿಲ್ಲ. ನಾನು ಟೀ ತಂದುಕೊಟ್ಟರೂ "ಸಕ್ಕರೆ ಯಾಕೆ ಸುರೀತೀಯ" ಎಂದು ಬೈಯುತ್ತಿಲ್ಲ. ಅದು ನನಗೆ ಹೆದರಿಕೆ.

ಬೆಳಗ್ಗೆ ಹದಿನೇಳು ಹತ್ತಿ ಹೋಗುತ್ತಾರೆ, ಹಿಂದಕ್ಕೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ನಿಮ್ಮ ಪತ್ರ ಚೀಲದಲ್ಲೇ ಇರುತ್ತದೆ. ನಾನು ಓದಿಲ್ಲ. ನೀವು ಏನು ಬರೆದಿದ್ದೀರೋ ಅದು ಸರಿಯಾಗಿಯೇ ಇರುತ್ತದೆ. ಆದರೂ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ ತಾಯಿ. ಆಪರೇಷನ್ ಚೆನ್ನಾಗಿ ಆಗುತ್ತದೆ, ನಮ್ಮ ಸೊಸೆ ನೋಡಿ.

ನಿಮ್ಮ ಮಾಮ

*

ಏಪ್ರಿಲ್ ೨೮

ಮಗಳೇ,

ಮೊನ್ನೆ ಹದಿನೇಳರಲ್ಲಿ ಒಬ್ಬಳು ಹತ್ತಿದಳು. ಸುಮಾರು ನಲವತ್ತು ಇರಬಹುದು, ಈಗ ನಾನು ಹುಡುಕುವ ವಯಸ್ಸೇ. ನನ್ನ ಚಟ ನಿನಗೆ ಗೊತ್ತಲ್ಲ, ಹೊಸ ಕನ್ನಡಕದಲ್ಲಿ ನೆಟ್ಟ ನೋಟದಿಂದ ನೋಡಿದೆ. ಹುಬ್ಬು ನೋಡಿದೆ, ಕಿವಿ ನೋಡಿದೆ. ಮಡಿಲಲ್ಲಿ ಆಸ್ಪತ್ರೆಯ ಕಾಗದಗಳಿದ್ದವು. ಒಂದು ಕೈಯಿಂದ ಹೊಟ್ಟೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದಳು. ಬಸ್ಸು ಕುಲುಕಿದರೆ ಕಣ್ಣು ಮುಚ್ಚುತ್ತಿದ್ದಳು. "ಜೊತೆಗೆ ಯಾರೂ ಬಂದಿಲ್ವೇನಮ್ಮ?" ಎಂದೆ. "ಯಾರು ಬರ್ತಾರೆ ಆಂಟಿ, ಎಲ್ರಿಗೂ ಅವರವರ ಕೆಲಸ" ಎಂದಳು.

ಇವಳು ನನ್ನ ದೊಡ್ಡವಳಲ್ಲ ಎಂದು ಗೊತ್ತಾಯಿತು. ಗೊತ್ತಾದ ಕೂಡಲೇ ಎಂದಿನಂತೆ ಮುಖ ತಿರುಗಿಸಬೇಕಿತ್ತು. ಆಗಲಿಲ್ಲ. ನೀನು ಹೀಗೆಯೇ ಕೂತಿರುತ್ತೀಯ ಅನ್ನಿಸಿತು. ನಿನ್ನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಮನೆ ಬಿಟ್ಟ ದಿನದ್ದು ನೆನಪಿಗೆ ಬಂತು. ನೀನು ಇಲ್ಲಿಗೆ ಬಂದು ಹೋದಾಗಿನದು ಅಲ್ಪಸ್ವಲ್ಪ ಬಂತು. ಈಗಿನದು ಬರಲಿಲ್ಲ. ಸಾವಿರಾರು ಜನರ ಮುಖ ನೋಡಿದ್ದೇನೆ, ನನ್ನ ಮಗಳ ಕಣ್ಣ ಕೆಳಗೆ ಕಪ್ಪಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಜೊತೆ ಆಸ್ಪತ್ರೆಯಲ್ಲಿ ಇಳಿದೆ. ಚೀಟಿ ಮಾಡಿಸುವ ಸಾಲಿನಲ್ಲಿ ಅವಳ ಬದಲು ನಾನು ನಿಂತೆ. ಆ ಬಸ್ಸು ನನ್ನನ್ನು ಬಿಟ್ಟು ಟ್ಯಾಂಕಿನ ಕಡೆ ಹೋಯಿತು. ಹೋಗಲಿ ಎಂದುಕೊಂಡೆ.

ಡಿಪೋಗೆ ಹೋಗಿ ಮ್ಯಾನೇಜರಿಗೆ ಭಾನುವಾರ ನಾನು ಇರುವುದಿಲ್ಲ ಎಂದು ಹೇಳಿ ಬಂದೆ. ಹಾರ್ನ್ ಮಾಮ ರಂಪ ಮಾಡಿದ. "ನೀವಿಲ್ದೆ ಕೊನೇ ಟ್ರಿಪ್ಪು ಹೆಂಗೆ ನಡೆಯತ್ತೆ? ಜನ ಏನಂತಾರೆ?" ಎಂದ. "ನೀನು ಕೂತ್ಕೊ ಮುಂದಿನ ಸೀಟಲ್ಲಿ, ನಿನ್ನ ಫೋಟೋನೂ ಬರಲಿ ಪೇಪರಲ್ಲಿ" ಎಂದೆ. ಆಮೇಲೆ ಇಬ್ಬರೂ ಅತ್ತೆವು. ನಂಬರು ಹೋಗುವುದು ನನಗೆ ಸಹಿಸಲಾಗುತ್ತಿಲ್ಲ ಮಗಳೇ, ಸುಳ್ಳು ಹೇಳುವುದಿಲ್ಲ. ಸೋಮವಾರದಿಂದ ಅವಳು ಬಂದರೆ ದಾರಿ ತಿಳಿಯುವುದಿಲ್ಲ. ನೀನು ಹಗುರವಾಯಿತು ಎಂದೆ, ನಿನಗೆ ಆದದ್ದು ಸರಿ. ನನಗೆ ಆಗುವುದಿಲ್ಲ. ಭಾರವಾಗಿಯೇ ಬರುತ್ತೇನೆ.

ಶನಿವಾರ ರೈಲು ಹತ್ತುತ್ತೇನೆ, ಭಾನುವಾರ ಬೆಳಗ್ಗೆ ಅಲ್ಲಿರುತ್ತೇನೆ. ಅಳಿಯಂದಿರಿಗೆ ಸ್ಟೇಷನ್ನಿಗೆ ಬರಲು ಹೇಳು. ನೀನು ಬರಬೇಡ, ಮಲಗಿರು. ಅವರ ಮುಖ ಫೋಟೋದಲ್ಲಿ ನೋಡಿದ್ದೇನೆ, ಗುರುತು ಹಿಡಿಯುತ್ತೇನೆ. ಒಂದು ಮಾತು ಅವರಿಗೆ ಮೊದಲೇ ಹೇಳಿರು. ರೈಲು ಇಳಿದ ಮೇಲೆ ನಾನು ಆ ಪ್ಲಾಟ್‌ಫಾರ್ಮಿನಲ್ಲಿ ಸ್ವಲ್ಪ ಹೊತ್ತು ಅಳಬಹುದು, ನಿನ್ನ ಅಕ್ಕನ ಹೆಸರು ಹಿಡಿದು ಕೂಗಲೂಬಹುದು. ಅವಸರ ಮಾಡಬಾರದು, ಹೆದರಲೂಬಾರದು. ಆದ ಮೇಲೆ ನಾನೇ ಎದ್ದು ನಿನ್ನ ಹತ್ತಿರ ಬರುತ್ತೇನೆ.

ಅಮ್ಮ